ಹಳೆಯ ಫೋಟೊವನ್ನು ಎಐ ‘ಇದ್ದ ಹಾಗೇ’ ವಾಪಸ್ ತರುತ್ತದೆಯೇ?

ಫಾರ್ವರ್ಡ್‌ಗಳು ಹೇಳುವುದು: ಮಸುಕಾದ, ಹರಿದ, ಕಪ್ಪು-ಬಿಳುಪು ಫೋಟೊವನ್ನು ಎಐ ಆ್ಯಪ್‌ಗೆ ಹಾಕಿದರೆ ಸಾಕು, ನಿಜವಾದ ಮುಖ ಮತ್ತು ನಿಜವಾದ ಬಣ್ಣ ಒಂದೇ ನಿಮಿಷದಲ್ಲಿ ಹೊರಗೆ ಬರುತ್ತದೆ.

ನಮ್ಮ ಉತ್ತರ: ಅರ್ಧ ಸತ್ಯ. ಗೀರು, ಕಲೆ, ಮಡಿಕೆ, ಹರಿದ ಹಿನ್ನೆಲೆ ಇಂಥವನ್ನು ಸರಿಪಡಿಸಲು ಎಐ ಒಳ್ಳೆಯ ಸಹಾಯಕ. ಆದರೆ ಫೋಟೊದಲ್ಲಿ ಅಳಿಸಿಹೋದ ವಿವರವನ್ನು ಅದು ಎಲ್ಲಿಂದಲೋ ಹುಡುಕಿ ತರುವುದಿಲ್ಲ, ಊಹಿಸಿ ಬರೆಯುತ್ತದೆ. ಆದ್ದರಿಂದ ಮುಖಕ್ಕೆ ಹಳೆಯ ಕೈಕೆಲಸ, ಹಿನ್ನೆಲೆಗೆ ಎಐ ಎಂಬ ಸೂತ್ರ ಹಿಡಿದರೆ ಕೆಲಸ ಸುಲಭವೂ ಆಗುತ್ತದೆ, ಮುಖವೂ ಕೆಡುವುದಿಲ್ಲ. ಹೇಗೆ ಎಂಬುದನ್ನು ಮುಂದೆ ವಿವರಿಸಿದ್ದೇವೆ.

ಇದು ಯಾಕೆ ಮುಖ್ಯ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಎಷ್ಟೋ ಮನೆಗಳಲ್ಲಿ ಅಜ್ಜ-ಅಜ್ಜಿಯರದ್ದು ಅಂತ ಉಳಿದಿರುವುದು ಒಂದೇ ಒಂದು ಫೋಟೊ. ಮದುವೆಯಲ್ಲಿ ತೆಗೆಸಿದ್ದು, ಇಲ್ಲವೇ ಪೇಟೆಗೆ ಬಂದಾಗ ಸ್ಟುಡಿಯೊದ ಪರದೆ ಮುಂದೆ ಕೂತು ತೆಗೆಸಿದ್ದು. ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ ಆ ಫೋಟೊ ಹೊಗೆ, ಬಿಸಿಲು, ಮಳೆಗಾಲದ ತೇವಕ್ಕೆ ಮಸುಕಾಗಿರುತ್ತದೆ. ವರ್ಷದ ಕಾರ್ಯ ಬಂದಾಗ ಮೊಮ್ಮಗ ಅದನ್ನು ಮೊಬೈಲ್‌ನಲ್ಲಿ ಹಿಡಿದು ಆ್ಯಪ್‌ಗೆ ಹಾಕುತ್ತಾನೆ. ಫಳಫಳ ಹೊಳೆಯುವ ಹೊಸ ಫೋಟೊ ಬರುತ್ತದೆ. ದೊಡ್ಡದಾಗಿ ಪ್ರಿಂಟ್ ಹಾಕಿಸುತ್ತಾರೆ, ಹಳೆಯದು ಅಟ್ಟ ಸೇರುತ್ತದೆ, ಇಲ್ಲವೇ ಕಸಕ್ಕೆ ಹೋಗುತ್ತದೆ.

ಹತ್ತು ವರ್ಷ ಕಳೆದರೆ ಆ ಮನೆಯ ಮಕ್ಕಳಿಗೆ ಅಜ್ಜಿ ಅಂದರೆ ಆ ಹೊಸ ಫೋಟೊದ ಮುಖವೇ. ಅದು ಆ್ಯಪ್ ಊಹಿಸಿದ ಮುಖವಾಗಿದ್ದರೆ, ಅಜ್ಜಿಯ ನಿಜವಾದ ಮುಖ ಆ ಮನೆಯಲ್ಲಿ ಇನ್ನೆಲ್ಲೂ ಉಳಿದಿರುವುದಿಲ್ಲ. ಅಜ್ಜಿಯನ್ನು ಕಂಡಿದ್ದ ಹಿರಿಯರು ಇರುವವರೆಗೆ ಮಾತ್ರ ‘ಇದು ಅವಳಲ್ಲ’ ಎಂದು ಹೇಳಲು ಯಾರಾದರೂ ಇರುತ್ತಾರೆ.

ಹಳೆಯ ಕಾಲದ ‘ಟಚಿಂಗ್’ ಹೇಗಿತ್ತು?

ಫೋಟೊ ತಿದ್ದುವುದು ಮೊಬೈಲ್ ಬಂದ ಮೇಲೆ ಶುರುವಾದದ್ದಲ್ಲ. ಫಿಲ್ಮ್ ಕಾಲದಲ್ಲೂ ಸ್ಟುಡಿಯೊಗಳಲ್ಲಿ ‘ಟಚಿಂಗ್’ ಇತ್ತು. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಮುಖದ ಸುಕ್ಕು, ಕಣ್ಣಿನ ಕೆಳಗಿನ ಕಪ್ಪು ಅಲ್ಲಿ ತೆಳುವಾಗಿ, ಬೆಳಕು ಹಾಯುವ ಹಾಗೆ ಕಾಣುತ್ತವೆ. ಆ ತೆಳುವಾದ ಜಾಗಕ್ಕೆ ಚೂಪು ಮಾಡಿದ ಪೆನ್ಸಿಲ್‌ನಿಂದ ಸಣ್ಣ ಸಣ್ಣ ಚುಕ್ಕೆ ಇಟ್ಟರೆ ಪ್ರಿಂಟ್‌ನಲ್ಲಿ ಸುಕ್ಕು ತಿಳಿಯಾಗುತ್ತಿತ್ತು. ಡಾರ್ಕ್‌ರೂಮ್‌ನಲ್ಲಿ ಪ್ರಿಂಟ್ ಹಾಕುವಾಗ ಕೈ ಅಡ್ಡ ಹಿಡಿದು ಒಂದು ಭಾಗಕ್ಕೆ ಬೆಳಕು ಕಡಿಮೆ ಮಾಡುವುದು, ಇನ್ನೊಂದು ಭಾಗಕ್ಕೆ ಹೆಚ್ಚು ಬೆಳಕು ಕೊಡುವುದು ಇನ್ನೊಂದು ವಿದ್ಯೆ. ಪ್ರಿಂಟ್ ಮೇಲೆ ಬಿಳಿ ಚುಕ್ಕೆ ಬಿದ್ದರೆ ತೆಳ್ಳನೆಯ ಬ್ರಶ್‌ನಿಂದ ಬಣ್ಣ ತುಂಬುತ್ತಿದ್ದರು. ಕಪ್ಪು-ಬಿಳುಪು ಪ್ರಿಂಟ್ ಮೇಲೆ ಪಾರದರ್ಶಕ ಬಣ್ಣ ಹಚ್ಚಿ ಸೀರೆಯನ್ನು ಕೆಂಪು, ಒಡವೆಯನ್ನು ಹಳದಿ ಮಾಡುತ್ತಿದ್ದರು. ಗಂಡನ ಫೋಟೊ, ಹೆಂಡತಿಯ ಫೋಟೊ ಬೇರೆ ಬೇರೆ ಇದ್ದರೆ ಕತ್ತರಿಸಿ ಜೋಡಿಸಿ ‘ಜೋಡಿ ಫೋಟೊ’ ಮಾಡುತ್ತಿದ್ದುದೂ ಉಂಟು.

ಅಂದರೆ ಹಳೆಯ ಫೋಟೊಗಳೂ ಪೂರ್ತಿ ‘ಶುದ್ಧ’ವೇನಲ್ಲ. ಆದರೆ ಆ ತಿದ್ದುಪಡಿಗೆ ಎರಡು ಗುಣ ಇದ್ದವು. ಮೊದಲನೆಯದು, ತಿದ್ದಿದ್ದು ಸ್ವಲ್ಪ ಜಾಗವನ್ನು ಮಾತ್ರ, ಉಳಿದದ್ದೆಲ್ಲ ಕ್ಯಾಮೆರಾ ಕಂಡದ್ದೇ. ಎರಡನೆಯದು, ಟಚಿಂಗ್ ಮಾಡುವವರು ಮನೆಯವರನ್ನು ಕೇಳಬಹುದಿತ್ತು. ‘ಸೀರೆ ಯಾವ ಬಣ್ಣದ್ದು? ಮೂಗುಬೊಟ್ಟು ಯಾವ ಕಡೆಗಿತ್ತು?’ ಎಂದು ಕೇಳಿ ಹಚ್ಚಿದ ಬಣ್ಣ ಅದು.

ಕಂಪ್ಯೂಟರ್ ಬಂದ ಮೇಲೆ ಅದೇ ಕೆಲಸ ಫೋಟೊಶಾಪ್‌ಗೆ ಬಂತು. ಇದರ ಮೊದಲ ಆವೃತ್ತಿ ಬಂದದ್ದು 1990ರಲ್ಲಿ. ಪಕ್ಕದ ಜಾಗವನ್ನು ನಕಲು ಮಾಡಿ ಕಲೆಯ ಮೇಲೆ ಅಂಟಿಸುವ ‘ಕ್ಲೋನ್’, ಸುತ್ತಲಿನ ಚರ್ಮಕ್ಕೆ ಹೊಂದಿಸಿ ಗೀರು ಮುಚ್ಚುವ ‘ಹೀಲಿಂಗ್’, ಮಸುಕಾದ ಚಿತ್ರಕ್ಕೆ ಕಪ್ಪು-ಬಿಳುಪು ಹದ ಮಾಡುವ ‘ಕರ್ವ್ಸ್’ ಇವೆಲ್ಲ ಪೆನ್ಸಿಲ್ ಮತ್ತು ಡಾರ್ಕ್‌ರೂಮ್‌ನ ಮುಂದುವರಿಕೆಗಳೇ. ಇವು ಆ ಫೋಟೊದೊಳಗಿನ ವಸ್ತುವನ್ನೇ ಬಳಸುತ್ತವೆ. ಹೊರಗಿನಿಂದ ಏನನ್ನೂ ತರುವುದಿಲ್ಲ. ಎಐ ಬೇರೆಯಾಗುವುದು ಇಲ್ಲೇ.

ಎಐ ನಿಜವಾಗಿ ಮಾಡುವುದೇನು?

ಎಐ ಮಾದರಿಗೆ ಕೋಟ್ಯಂತರ ಚಿತ್ರಗಳನ್ನು ತೋರಿಸಿ ತರಬೇತಿ ಕೊಟ್ಟಿರುತ್ತಾರೆ. ಕಣ್ಣು ಸಾಮಾನ್ಯವಾಗಿ ಹೇಗಿರುತ್ತದೆ, ತುಟಿ ಹೇಗಿರುತ್ತದೆ ಎಂಬ ಅಂದಾಜು ಅದರೊಳಗೆ ಕೂತಿರುತ್ತದೆ. ನೀವು ಮಸುಕಾದ ಮುಖ ಕೊಟ್ಟಾಗ ಅದು ಈ ಮಸುಕಿಗೆ ಹೊಂದುವಂಥ ಒಂದು ಮುಖವನ್ನು ಹೊಸದಾಗಿ ರಚಿಸುತ್ತದೆ. ನಿಮ್ಮ ಅಜ್ಜಿಯನ್ನು ಅದು ಎಂದೂ ಕಂಡಿಲ್ಲ.

ಇದಕ್ಕೆ ಜಗತ್ತಿಗೇ ಗೊತ್ತಾದ ಉದಾಹರಣೆ 2020ರದ್ದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ‘ಪಲ್ಸ್’ ಎಂಬ ಎಐ ವಿಧಾನ ಪ್ರಕಟಿಸಿದರು. 16×16 ಪಿಕ್ಸೆಲ್‌ಗಳ ಮಸುಕು ಮುಖವನ್ನು 1024×1024 ಪಿಕ್ಸೆಲ್‌ಗಳ ಸ್ಪಷ್ಟ ಮುಖವಾಗಿ ಅದು ಬೆಳೆಸುತ್ತಿತ್ತು. ಬರಾಕ್ ಒಬಾಮಾ ಅವರ ಮಸುಕಾದ ಚಿತ್ರವನ್ನು ಯಾರೋ ಅದಕ್ಕೆ ಕೊಟ್ಟಾಗ ಬಂದದ್ದು ಒಬ್ಬ ಬಿಳಿಯನ ಮುಖ! ಲೆಕ್ಕ ನೋಡಿದರೆ ಆಶ್ಚರ್ಯ ಹೋಗುತ್ತದೆ. 16×16 ಅಂದರೆ 256 ಚುಕ್ಕೆ. 1024×1024 ಅಂದರೆ 10,48,576 ಚುಕ್ಕೆ. ಗೊತ್ತಿರುವ ಒಂದೊಂದು ಚುಕ್ಕೆಗೆ ಪ್ರತಿಯಾಗಿ 4,096 ಚುಕ್ಕೆಗಳನ್ನು ಬರೆಯಬೇಕು. ಅಷ್ಟನ್ನೂ ತುಂಬುವುದು ತರಬೇತಿಯಲ್ಲಿ ಹೆಚ್ಚಾಗಿ ಕಂಡ ಮುಖಗಳ ಅಂದಾಜಿನಿಂದ.

ಈಗಿನ ಸಾಧನಗಳು ಅದಕ್ಕಿಂತ ಎಷ್ಟೋ ಚೆನ್ನಾಗಿವೆ. ಫೋಟೊಶಾಪ್‌ಗೆ ಎಐನಿಂದ ಭಾಗ ತುಂಬುವ ಸೌಲಭ್ಯ 2023ರ ಮೇ ತಿಂಗಳಲ್ಲಿ ಬಂತು. ‘ನ್ಯಾನೊ ಬನಾನ’ ಎಂದು ಹೆಸರಾದ ಗೂಗಲ್ ಜೆಮಿನಿಯ ಚಿತ್ರ ಸಾಧನ 2025ರ ಆಗಸ್ಟ್‌ನಲ್ಲಿ ಬಂದು, ಮರುತಿಂಗಳೇ ಸೀರೆ ಫೋಟೊಗಳ ಅಲೆ ಎಬ್ಬಿಸಿತು. ಆದರೂ ಮೂಲ ಗುಣ ಅದೇ. ವಿವರ ಕಡಿಮೆ ಇದ್ದಷ್ಟೂ ಊಹೆ ಹೆಚ್ಚು.

ನಿಮ್ಮ ಊರಿನ ಶಾಲೆಯ ಹಳೆಯ ಗ್ರೂಪ್ ಫೋಟೊವನ್ನೇ ತೆಗೆದುಕೊಳ್ಳಿ. ಚಿತ್ರ 1,600 ಪಿಕ್ಸೆಲ್ ಅಗಲ ಇದ್ದು, ಒಂದು ಸಾಲಿನಲ್ಲಿ 20 ಜನ ನಿಂತಿದ್ದರೆ ಒಬ್ಬೊಬ್ಬರಿಗೆ ಸಿಗುವುದು 80 ಪಿಕ್ಸೆಲ್. ಭುಜ ಬಿಟ್ಟರೆ ಮುಖಕ್ಕೆ ಉಳಿಯುವುದು ಮೂವತ್ತೋ ನಲವತ್ತೋ. ಅಂಥ ಮುಖವನ್ನು ಎಐ ‘ಕ್ಲಿಯರ್’ ಮಾಡಿ ಕೊಟ್ಟರೆ ಅದು ಆ ಹುಡುಗನ ಮುಖ ಎನ್ನಲು ಆಧಾರ ತೀರಾ ಕಡಿಮೆ.

ನಮ್ಮ ಕಡೆಯ ಫೋಟೊಗಳಲ್ಲಿ ಎಐ ಎಲ್ಲಿ ಎಡವುತ್ತದೆ?

• ಹಚ್ಚೆ: ಹಿರಿಯ ಹೆಂಗಸರ ಹಣೆ, ಗಲ್ಲ, ಕೈ ಮೇಲಿನ ಹಚ್ಚೆಯನ್ನು ಎಐ ಕೊಳೆ ಅಥವಾ ಕಲೆ ಎಂದುಕೊಂಡು ಅಳಿಸಿಬಿಡಬಹುದು. ಮಚ್ಚೆಗೂ ಇದೇ ಗತಿ.

• ವಿಭೂತಿ, ಕುಂಕುಮ, ಇಷ್ಟಲಿಂಗದ ಕರಡಿಗೆ: ಹಣೆಯ ವಿಭೂತಿ ಪಟ್ಟೆಯನ್ನು ಬೆಳಕಿನ ಹೊಳಪೆಂದು ಒರೆಸಬಹುದು. ಎದೆಯ ಮೇಲಿನ ಕರಡಿಗೆಯನ್ನು ಲಾಕೆಟ್ ಮಾಡಬಹುದು.

• ಮೂಗುಬೊಟ್ಟು, ಬುಗುಡಿ, ಡಾಬು: ಆಕಾರ ಬದಲಾಗಬಹುದು, ಎಡಗಡೆಯದು ಬಲಗಡೆಗೆ ಹೋಗಬಹುದು.

• ರುಮಾಲು ಮತ್ತು ಕಂಬಳಿ: ರುಮಾಲು ಉತ್ತರ ಭಾರತದ ಪೇಟ ಆಗಬಹುದು, ಹೆಗಲ ಕಂಬಳಿ ಶಾಲಾಗಬಹುದು.

• ವಯಸ್ಸು ಮತ್ತು ಮೈಬಣ್ಣ: ಚರ್ಮ ನುಣುಪಾಗಿ, ಬಣ್ಣ ತಿಳಿಯಾಗಿ, ಎಪ್ಪತ್ತರ ಅಜ್ಜಿ ಐವತ್ತಕ್ಕೆ ಇಳಿಯಬಹುದು. ನೋಡಲು ಚೆಂದ. ಆದರೆ ಬಿಸಿಲಲ್ಲಿ ದುಡಿದ ಆ ಮುಖ ಹೋಯಿತು.

ಬಣ್ಣ ನಿಜವೇ?

ಕಪ್ಪು-ಬಿಳುಪು ಫೋಟೊದಲ್ಲಿ ಉಳಿಯುವುದು ಬೆಳಕಿನ ಪ್ರಮಾಣ ಮಾತ್ರ, ಬಣ್ಣದ ಮಾಹಿತಿ ಅಲ್ಲ. ಕೆಂಪು ಸೀರೆ ಮತ್ತು ಹಸಿರು ಸೀರೆ ಎರಡೂ ಒಂದೇ ಬಗೆಯ ಬೂದು ಬಣ್ಣಕ್ಕೆ ಇಳಿಯಬಹುದು. ತುಂಬಾ ಹಳೆಯ ಫೋಟೊಗಳಲ್ಲಿ ಇನ್ನೊಂದು ತೊಡಕಿದೆ. ಆಗಿನ ‘ಆರ್ಥೊಕ್ರೊಮ್ಯಾಟಿಕ್’ ಫಿಲ್ಮ್‌ಗಳಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ. ಹಾಗಾಗಿ ಕೆಂಪು ಕುಂಕುಮ, ಕೆಂಪು ಸೀರೆ, ತುಟಿ ಎಲ್ಲ ಕಪ್ಪಗೆ ಬೀಳುತ್ತಿದ್ದವು. ಅಂಥ ಫೋಟೊವನ್ನು ಎಐಗೆ ಕೊಟ್ಟರೆ ಕಪ್ಪು ಸೀರೆ ಉಟ್ಟ ಮದುಮಗಳು ಬರುವುದು ಅಸಾಧ್ಯವೇನಲ್ಲ!

ನಮ್ಮ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆ ಸೀರೆ ಉಟ್ಟ ಫೋಟೊ ಇದ್ದರೆ ಎಐ ಅಂಚಿನ ವಿನ್ಯಾಸವನ್ನೂ ತನಗೆ ತೋಚಿದಂತೆ ಬರೆಯುತ್ತದೆ. ಬಣ್ಣ ಹಾಕಿಸಬೇಕೆಂದರೆ ಮೊದಲು ಮನೆಯ ಹಿರಿಯರನ್ನು ಕೇಳಿ. ಆ ಸೀರೆ ಪೆಟ್ಟಿಗೆಯಲ್ಲಿ ಇನ್ನೂ ಇದ್ದರೆ ಅದರ ಫೋಟೊ ತೆಗೆದು, ಅದೇ ಬಣ್ಣ ಹಚ್ಚಿಸಿ. ಇದು ಹಳೆಯ ಟಚಿಂಗ್ ಕ್ರಮ. ಎಐಗೂ ಇದೇ ಕ್ರಮ ಸರಿ.

ಎರಡನ್ನೂ ಸೇರಿಸಿ ಕೆಲಸ ಮಾಡುವುದು ಹೇಗೆ?

ಮನೆಯಲ್ಲೇ ಮಾಡಿಕೊಳ್ಳಿ, ಸ್ಟುಡಿಯೊದಲ್ಲಿ ಮಾಡಿಸಿ, ಕ್ರಮ ಒಂದೇ.

1. ಒಳ್ಳೆಯ ಪ್ರತಿ ತೆಗೆಯಿರಿ. ಸ್ಕ್ಯಾನರ್ ಇದ್ದರೆ 600 ಡಿಪಿಐಗೆ ಇಟ್ಟು ಸ್ಕ್ಯಾನ್ ಮಾಡಿಸಿ. 4×6 ಇಂಚಿನ ಫೋಟೊಗೆ ಆಗ 2400×3600 ಪಿಕ್ಸೆಲ್ ಸಿಗುತ್ತದೆ. ಪಾಸ್‌ಪೋರ್ಟ್ ಅಳತೆಯ ಸಣ್ಣ ಫೋಟೊ ಆಗಿದ್ದರೆ 1200 ಡಿಪಿಐ ಇರಲಿ. ಮೊಬೈಲ್‌ನಲ್ಲೇ ತೆಗೆಯುವುದಾದರೆ ಕಟ್ಟಿನಿಂದ ಹೊರತೆಗೆದು, ಕಿಟಕಿ ಪಕ್ಕದ ನೆರಳು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೊಬೈಲನ್ನು ಫೋಟೊಗೆ ನೇರವಾಗಿ ಹಿಡಿದು ತೆಗೆಯಿರಿ. ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಮುಖದ ಪದರವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ.

2. ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ. ಕುಗ್ಗಿದಷ್ಟೂ ಎಐ ಊಹೆಗೆ ಜಾಗ ಕೊಟ್ಟಂತೆ.

3. ಮೂಲ ಫೈಲ್ ಮುಟ್ಟಬೇಡಿ. ಅದರ ನಕಲು ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಿ.

4. ಮೊದಲು ಕೈಕೆಲಸ. ಮೊಬೈಲ್‌ನಲ್ಲಿ ಉಚಿತವಾಗಿ ಸಿಗುವ ಸ್ನ್ಯಾಪ್‌ಸೀಡ್, ಕಂಪ್ಯೂಟರ್‌ನಲ್ಲಿ ಉಚಿತವಾದ ಗಿಂಪ್ ಸಾಕು. ಕರ್ವ್ಸ್‌ನಿಂದ ಮಸುಕು ಕಡಿಮೆ ಮಾಡಿ. ಧೂಳು, ಗೀರು, ಬೂಷ್ಟಿನ ಕಲೆಗಳನ್ನು ಹೀಲಿಂಗ್‌ನಿಂದ ಒಂದೊಂದಾಗಿ ತೆಗೆಯಿರಿ. ಚಿತ್ರವನ್ನು ಹಿಗ್ಗಿಸಿ ನೋಡುತ್ತಾ ಮಾಡಿ. ಮುಖದ ಮೇಲೆ ಬೆರಳಿಡುವ ಮುನ್ನ ‘ಇದು ಕಲೆಯೋ, ಮಚ್ಚೆಯೋ’ ಎಂದು ಹಿರಿಯರನ್ನು ಕೇಳಿ.

5. ಆಮೇಲೆ ಎಐ. ಹರಿದ ಮೂಲೆ, ಸ್ಟುಡಿಯೊ ಪರದೆ, ನೆಲ, ಮಡಿಕೆ ಬಿದ್ದ ಬಟ್ಟೆ ಇವನ್ನು ಮಾತ್ರ ಆರಿಸಿ ಎಐಗೆ ಕೊಡಿ. ಇಡೀ ಫೋಟೊ ಕೊಟ್ಟು ‘ಸರಿ ಮಾಡು’ ಎನ್ನಬೇಡಿ. ಸೂಚನೆ ಬರೆಯುವ ಸಾಧನವಾದರೆ ‘ಮುಖ ಬದಲಿಸಬೇಡ, ಒಡವೆ ಬದಲಿಸಬೇಡ, ಹಿನ್ನೆಲೆಯ ಹರಿದ ಭಾಗ ಮಾತ್ರ ತುಂಬು’ ಎಂದು ಕನ್ನಡದಲ್ಲೇ ಬರೆಯಬಹುದು. ಹೀಗೆ ಬರೆದರೂ ಅದು ಮುಖ ಮುಟ್ಟಿರಬಹುದು. ಅದಕ್ಕೇ ಮುಂದಿನ ಹೆಜ್ಜೆ.

6. ಮುಖವನ್ನು ಮೂಲದಿಂದ ವಾಪಸ್ ತನ್ನಿ. ಈ ಕೆಲಸದ ಜೀವಾಳ ಇದು. ಗಿಂಪ್ ಅಥವಾ ಫೋಟೊಶಾಪ್‌ನಲ್ಲಿ ‘ಲೇಯರ್’ ಎಂಬುದಿದೆ. ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳೆಂದುಕೊಳ್ಳಿ. ಕೆಳಗೆ ಕೈಯಿಂದ ತಿದ್ದಿದ ಫೋಟೊ, ಮೇಲೆ ಎಐ ಕೊಟ್ಟ ಫೋಟೊ ಇಡಿ. ಮೇಲಿನ ಹಾಳೆಯಲ್ಲಿ ಮುಖದ ಭಾಗವನ್ನು ‘ಮಾಸ್ಕ್’ ಹಾಕಿ ತೆರೆದರೆ ಕೆಳಗಿನ ನಿಜವಾದ ಮುಖ ಕಾಣುತ್ತದೆ. ಹಿನ್ನೆಲೆ ಎಐದು, ಮುಖ ಕ್ಯಾಮೆರಾ ಕಂಡದ್ದು. ಮುಖ ಸ್ವಲ್ಪ ಮಸುಕಾಗಿ ಉಳಿದರೆ ಉಳಿಯಲಿ. ಸ್ಪಷ್ಟವಾದ ಬೇರೆಯವರ ಮುಖಕ್ಕಿಂತ ಮಸುಕಾದ ನಮ್ಮವರ ಮುಖ ಮೇಲು.

7. ಕಣ್ಣು ಮಿಟುಕಿಸಿ ನೋಡಿ. ಮೇಲಿನ ಲೇಯರ್ ಆಫ್, ಆನ್ ಮಾಡುತ್ತಾ ನೋಡಿ. ಕಣ್ಣಿನ ಅಂತರ, ಮೂಗಿನ ಅಗಲ, ತುಟಿಯ ಅಂಚು, ಕಿವಿಯ ಆಕಾರ ಕದಲಿದರೆ ತಕ್ಷಣ ಗೊತ್ತಾಗುತ್ತದೆ. ಕೊನೆಗೆ ಆ ವ್ಯಕ್ತಿಯನ್ನು ಕಂಡಿದ್ದ ಹಿರಿಯರಿಗೆ ತೋರಿಸಿ. ಅವರು ‘ಯಾಕೋ ನಮ್ಮವ್ವನ ಥರ ಇಲ್ಲ’ ಎಂದರೆ ಮುಗಿಯಿತು, ಮತ್ತೆ ಮಾಡಿ.

8. ಗುರುತು ಬರೆಯಿರಿ. ಪ್ರಿಂಟ್‌ನ ಹಿಂದೆ ಹೆಸರು, ಊರು, ಅಂದಾಜು ವರ್ಷ, ‘ಹಿನ್ನೆಲೆ ಎಐನಿಂದ ತಿದ್ದಿದ್ದು, ಮೂಲ ಫೋಟೊ ಇಂಥವರ ಬಳಿ ಇದೆ’ ಎಂದು ಪೆನ್ಸಿಲ್‌ನಲ್ಲಿ ಬರೆಯಿರಿ. ಮೂಲ ಫೋಟೊವನ್ನು ಕಾಗದದ ಲಕೋಟೆಯಲ್ಲಿಟ್ಟು ತೇವ, ಬಿಸಿಲು ಇಲ್ಲದ ಕಡೆ ಇಡಿ. ಅದನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಮತ್ತೆ ಬಿಡಿಸಲು ಬರುವುದಿಲ್ಲ.

ಸ್ಟುಡಿಯೊಗೆ ಕೊಡುವವರು ಕೇಳಬೇಕಾದ ಪ್ರಶ್ನೆ ಒಂದೇ: ‘ಮುಖ ನೀವು ಕೈಯಲ್ಲಿ ತಿದ್ದುತ್ತೀರಾ, ಎಐಗೆ ಕೊಡುತ್ತೀರಾ?’ ಕೈಕೆಲಸಕ್ಕೆ ಹೊತ್ತು ಹಿಡಿಯುತ್ತದೆ, ಹಾಗಾಗಿ ದುಡ್ಡು ಹೆಚ್ಚು ಕೇಳುವುದು ಸಹಜ.

ಅಕ್ಷರ, ಶಾಸನಕ್ಕೆ ಎಐ ಬೇಡ

ಹಳೆಯ ಫೋಟೊದಲ್ಲಿ ಅಂಗಡಿ ಬೋರ್ಡು, ಶಾಲೆಯ ಹಲಗೆ, ದೇವಸ್ಥಾನದ ಬರಹ ಇದ್ದರೆ ಎಐ ಅದನ್ನು ಅಕ್ಷರದಂತೆ ಕಾಣುವ ಗೀಚು ಮಾಡಿಬಿಡಬಹುದು. ಕನ್ನಡದ ಒತ್ತಕ್ಷರಗಳಲ್ಲಿ ಇದು ಹೆಚ್ಚು. ಶಾಸನದ ಫೋಟೊಗಳಲ್ಲಂತೂ ಇದು ಅಪಾಯ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿರುವ ಕದಂಬ ಮಯೂರಶರ್ಮನ ಬಂಡೆ ಶಾಸನ ಬ್ರಾಹ್ಮಿ ಲಿಪಿಯ ಪ್ರಾಕೃತದಲ್ಲಿದೆ. ಸವೆದ ಅಕ್ಷರಗಳ ಓದಿನ ಬಗ್ಗೆ ವಿದ್ವಾಂಸರಲ್ಲೇ ಚರ್ಚೆ ನಡೆದಿದೆ. ಅಂಥ ಕಲ್ಲಿನ ಫೋಟೊವನ್ನು ಎಐ ‘ಶಾರ್ಪ್’ ಮಾಡಿದರೆ ಕಲ್ಲಿನ ಮೇಲಿಲ್ಲದ ಗೆರೆಗಳು ಹುಟ್ಟುತ್ತವೆ. ಇಲ್ಲಿ ಹಳೆಯ ವಿಧಾನವೇ ದಾರಿ. ಪಕ್ಕದಿಂದ ಓರೆ ಬೆಳಕು ಬೀಳುವ ಹೊತ್ತಿನಲ್ಲಿ ಫೋಟೊ ತೆಗೆಯುವುದು, ಕಪ್ಪು-ಬಿಳುಪಿನ ಹದ ಹೆಚ್ಚಿಸುವುದು, ಅಷ್ಟೇ. ಹೊಲದಲ್ಲಿ ಶಾಸನವೋ ವೀರಗಲ್ಲೋ ಸಿಕ್ಕರೆ ತಿದ್ದದ ಫೋಟೊವನ್ನೇ ತಿಳಿದವರಿಗೆ ಕಳಿಸಿ.

ಎಲ್ಲಿ ಬಳಸಲೇಬಾರದು?

ಪಾಸ್‌ಪೋರ್ಟ್ ಮತ್ತಿತರ ಗುರುತಿನ ದಾಖಲೆ: ಪಾಸ್‌ಪೋರ್ಟ್ ಅರ್ಜಿಯ ಫೋಟೊದಲ್ಲಿ ಮುಖವನ್ನು ಸಾಫ್ಟ್‌ವೇರ್‌ನಿಂದ ತಿದ್ದಿರಬಾರದು. ಎಐ ನುಣುಪು ಮಾಡಿದ ಫೋಟೊ ತಿರಸ್ಕಾರವಾಗಬಹುದು.

ಕಾಣೆಯಾದವರ ಫೋಟೊ: ಮಚ್ಚೆ, ಗಾಯದ ಗುರುತು, ಹಲ್ಲಿನ ಸಂದು ಇವೇ ಗುರುತು ಹಿಡಿಯುವ ದಾರಿ. ಎಐ ಮೊದಲು ಅಳಿಸುವುದೂ ಇವನ್ನೇ. ಇದ್ದ ಫೋಟೊ ಮಸುಕಾಗಿದ್ದರೂ ಇದ್ದ ಹಾಗೇ ಪೊಲೀಸರಿಗೆ ಕೊಡಿ.

ಸಿಸಿಟಿವಿ ಚಿತ್ರ: ‘ಕಳ್ಳನ ಮುಖ ಎಐನಿಂದ ಕ್ಲಿಯರ್ ಮಾಡಿದ್ದೇವೆ, ಕಂಡರೆ ಹಿಡಿಯಿರಿ’ ಎಂಬಂಥ ಫಾರ್ವರ್ಡ್ ಬಂದರೆ ಅಲ್ಲೇ ನಿಲ್ಲಿಸಿ. ಅದು ಕಳ್ಳನ ಮುಖವಲ್ಲ. ಎಐ ಕಟ್ಟಿದ ಮುಖ. ಜಗತ್ತಿನಲ್ಲಿ ಆ ಮುಖಕ್ಕೆ ಹೋಲುವ ನಿರಪರಾಧಿ ಯಾರೋ ಇದ್ದೇ ಇರುತ್ತಾರೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ವದಂತಿ ನಂಬಿದ ಗುಂಪು, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತ್ತು. ಅದಕ್ಕೆ ಎಐ ಮುಖವೂ ಬೇಕಾಗಲಿಲ್ಲ. ವದಂತಿಯೇ ಅಷ್ಟು ಮಾಡಿತ್ತು.

ನಮ್ಮ ಊರುಗಳ ಹೆಸರಿನಲ್ಲಿ ಬರುವ ಚಿತ್ರಗಳನ್ನು ಅಳೆಯುವುದು ಹೇಗೆ?

‘ಒನಕೆ ಓಬವ್ವನ ನಿಜವಾದ ಫೋಟೊ’ ಅಥವಾ ‘ಮದಕರಿ ನಾಯಕರ ಅಪರೂಪದ ಫೋಟೊ’ ಎಂದು ಬಂದರೆ ಒಂದು ಲೆಕ್ಕ ಸಾಕು. ಹೈದರಾಲಿಯ ವಶಕ್ಕೆ ಚಿತ್ರದುರ್ಗದ ಕೋಟೆ ಹೋದದ್ದು 1779ರಲ್ಲಿ. ಫ್ರಾನ್ಸಿನ ಡಾಗೆರ್ ಅವರ ಫೋಟೊ ವಿಧಾನ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ನಡುವೆ 60 ವರ್ಷ. ಓಬವ್ವನ ಫೋಟೊ ಇರಲು ಸಾಧ್ಯವೇ ಇಲ್ಲ. ನಮ್ಮಲ್ಲಿ ಎಷ್ಟೋ ಜನರ ಮನಸ್ಸಿನಲ್ಲಿರುವ ಓಬವ್ವನ ರೂಪ 1972ರ ‘ನಾಗರಹಾವು’ ಸಿನಿಮಾದಲ್ಲಿ ಜಯಂತಿ ಅವರು ತೋರಿದ್ದು. ನವೆಂಬರ್ 11ರ ಓಬವ್ವ ಜಯಂತಿಗೆ ಎಐನಿಂದ ಚಿತ್ರ ಮಾಡಿ ಹಂಚಿದರೆ ತಪ್ಪೇನಿಲ್ಲ. ‘ಕಲ್ಪನಾ ಚಿತ್ರ’ ಎಂದು ಬರೆಯಿರಿ, ಅಷ್ಟೇ.

ಹಿರಿಯೂರಿನ ವಾಣಿ ವಿಲಾಸ ಸಾಗರದ್ದು ಬೇರೆ ಕತೆ. ಮಾರಿಕಣಿವೆಯ ಈ ಕಟ್ಟೆ ಪೂರ್ಣವಾದದ್ದು 1907ರಲ್ಲಿ. ಆಗ ಕ್ಯಾಮೆರಾ ಇತ್ತು, ಹಾಗಾಗಿ ಹಳೆಯ ಫೋಟೊ ಇರಬಹುದು. ಇಲ್ಲಿ ಪರೀಕ್ಷೆಗೆ ಊರಿನ ತಿಳಿವಳಿಕೆ ಬೇಕು. ವೇದಾವತಿಗೆ ಅಡ್ಡಲಾಗಿ ಕಟ್ಟಿದ ಈ ಜಲಾಶಯದಲ್ಲಿ ನೀರು 130 ಅಡಿ ಮುಟ್ಟಿದ ಮೇಲೆ ಕೋಡಿ ಬಿದ್ದು ಹರಿಯುತ್ತದೆ. 1933ರ ನಂತರ ಮೊದಲ ಬಾರಿಗೆ ಹಾಗೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ತುಂಗಭದ್ರಾ ಅಥವಾ ಆಲಮಟ್ಟಿಯ ಹಾಗೆ ಸಾಲು ಗೇಟ್‌ಗಳು ತೆರೆದು ನೀರು ಧುಮುಕುವ ಚಿತ್ರಕ್ಕೆ ‘ವಾಣಿ ವಿಲಾಸ ಸಾಗರ’ ಎಂದು ಬರೆದಿದ್ದರೆ ಅದು ಬೇರೆ ಅಣೆಕಟ್ಟೆ, ಇಲ್ಲವೇ ಎಐ ಚಿತ್ರ. ಕೆಳಗಿನ ಹಳ್ಳಿಗಳ ಜನ ಗಾಬರಿಯಾಗಿ ಮನೆ ಬಿಡುವಂತೆ ಮಾಡಲು ಇಂಥ ಒಂದು ಚಿತ್ರ ಸಾಕು.

ಹೊಳಲ್ಕೆರೆಯ ಗಣಪತಿ ‘ಬಯಲು ಗಣಪತಿ’ ಎಂದೇ ಹೆಸರಾದವನು. ಕಂಬ, ಗೋಪುರಗಳ ಗರ್ಭಗುಡಿಯಲ್ಲಿ ಅವನನ್ನು ಕೂರಿಸಿದ ಚಿತ್ರ ಬಂದರೆ ನಿಮಗೇ ಅನುಮಾನ ಬರಬೇಕು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ನಾಟಕೋತ್ಸವದ ಹೆಸರಿನಲ್ಲಿ ಚಿತ್ರ ಬಂದರೆ ಹಿಂದಿನ ಬ್ಯಾನರ್‌ನ ಕನ್ನಡ ಅಕ್ಷರ ಓದಿ ನೋಡಿ. ಊರಿನವರ ಕಣ್ಣಿಗೆ ಕಾಣುವ ಇಂಥ ತಪ್ಪು ಯಾವ ಆ್ಯಪ್‌ಗೂ ಬೇಗ ಕಾಣುವುದಿಲ್ಲ.

ಇನ್ನು ತಾಂತ್ರಿಕ ಗುರುತು. ಜೆಮಿನಿಯಲ್ಲಿ ಮಾಡಿದ ಚಿತ್ರಗಳೊಳಗೆ ಕಣ್ಣಿಗೆ ಕಾಣದ ‘ಸಿಂಥ್‌ಐಡಿ’ ಎಂಬ ಮುದ್ರೆ ಇರುತ್ತದೆ. ಜೆಮಿನಿ ಆ್ಯಪ್‌ಗೆ ಚಿತ್ರ ಹಾಕಿ ‘ಇದು ಗೂಗಲ್ ಎಐನಿಂದ ಮಾಡಿದ್ದೇ?’ ಎಂದು ಕೇಳಬಹುದು. ಆದರೆ ‘ಇಲ್ಲ’ ಎಂಬ ಉತ್ತರ ಬಂದರೆ ಚಿತ್ರ ನಿಜ ಎಂದರ್ಥವಲ್ಲ. ಬೇರೆ ಕಂಪನಿಯ ಸಾಧನದಲ್ಲಿ ಮಾಡಿರಬಹುದು. ಫೋಟೊ ತೆಗೆದ ದಿನ, ಕ್ಯಾಮೆರಾ ಮುಂತಾದ ವಿವರಗಳು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸುವಾಗ ಅಳಿಸಿಹೋಗುತ್ತವೆ. ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಅದೇ ಚಿತ್ರ ಮೊದಲು ಎಲ್ಲಿ ಬಂದಿತ್ತು ಎಂಬ ಸುಳಿವು ಸಿಗಬಹುದು.

ಆ್ಯಪ್‌ಗೆ ಫೋಟೊ ಕೊಡುವ ಮುನ್ನ

‘ಹಳೆಯ ಫೋಟೊ ಉಚಿತವಾಗಿ ಹೊಸದು ಮಾಡಿ’ ಎಂದು ಲಿಂಕ್ ಅಥವಾ ಎಪಿಕೆ ಫೈಲ್ ಬಂದರೆ ಒತ್ತಬೇಡಿ. ಪ್ಲೇ ಸ್ಟೋರ್‌ನ ಹೊರಗಿನ ಎಪಿಕೆ ಹಾಕಿಕೊಂಡರೆ ಮೊಬೈಲ್‌ನ ಎಸ್‌ಎಂಎಸ್, ಒಟಿಪಿ ಕಳ್ಳರ ಕೈಗೆ ಹೋಗಬಹುದು. ಫೋಟೊ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್, ಎಸ್‌ಎಂಎಸ್ ಅನುಮತಿ ಯಾಕೆ ಬೇಕು ಎಂದು ಕೇಳಿಕೊಳ್ಳಿ. ಮಕ್ಕಳ ಮತ್ತು ಹೆಣ್ಣುಮಕ್ಕಳ ಫೋಟೊಗಳನ್ನು ಗೊತ್ತಿಲ್ಲದ ಆ್ಯಪ್‌ಗೆ ಹಾಕಲೇಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಯಾರಾದರೂ ನಿಮ್ಮ ಚಿತ್ರ ತಿರುಚಿ ಹರಡಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಹತ್ತಿರದ ಠಾಣೆಯಲ್ಲಿ ದೂರು ಕೊಡಿ.

ಓದುಗರು ಕೇಳುವ ಪ್ರಶ್ನೆಗಳು

ನೆಗೆಟಿವ್ ಇದ್ದರೆ?
ಅದೃಷ್ಟ. ಪ್ರಿಂಟ್ ಮಸುಕಾಗಿದ್ದರೂ ನೆಗೆಟಿವ್‌ನಲ್ಲಿ ವಿವರ ಉಳಿದಿರಬಹುದು. ನೆಗೆಟಿವ್ ಸ್ಕ್ಯಾನ್ ಮಾಡಿಸಿ. ಆಗ ಎಐ ಅವಶ್ಯಕತೆಯೇ ಬೀಳದಿರಬಹುದು. ಫೋಟೊ ತೆಗೆದ ಸ್ಟುಡಿಯೊ ಇನ್ನೂ ಇದ್ದರೆ ಒಮ್ಮೆ ವಿಚಾರಿಸಿ.

ಮುಖದ ಅರ್ಧವೇ ಹರಿದುಹೋಗಿದ್ದರೆ?
ಅದೇ ವ್ಯಕ್ತಿಯ ಇನ್ನೊಂದು ಫೋಟೊ ಹುಡುಕಿ. ನೆಂಟರ ಮದುವೆ ಆಲ್ಬಮ್, ಹಳೆಯ ಮತದಾರರ ಚೀಟಿ, ಪಡಿತರ ಚೀಟಿ, ಪಾಸ್‌ಬುಕ್‌ನಲ್ಲಿ ಸಿಗಬಹುದು. ಅದನ್ನು ನೋಡಿಕೊಂಡು ತಿದ್ದಿಸಿ. ಏನೂ ಸಿಗದಿದ್ದರೆ ಆ ಭಾಗ ಊಹೆ ಎಂದು ಗುರುತು ಬರೆದಿಡಿ.

ಎಐನಿಂದ ಅಜ್ಜ ನಗುವ, ಮಾತಾಡುವ ವಿಡಿಯೊ ಮಾಡಬಹುದೇ?
ಮನೆಯವರೆಲ್ಲ ಒಪ್ಪಿದರೆ ನಿಮ್ಮಿಷ್ಟ. ಆ ನಗು ಅಜ್ಜನದಲ್ಲ ಎಂಬುದು ಮಕ್ಕಳಿಗೆ ತಿಳಿದಿರಲಿ. ಎಐ ಸೃಷ್ಟಿಸಿದ ಚಿತ್ರ, ವಿಡಿಯೊಗಳಿಗೆ ಗುರುತು ಇರಬೇಕೆಂಬ ಕೇಂದ್ರ ಸರ್ಕಾರದ ನಿಯಮ 2026ರ ಫೆಬ್ರುವರಿಯಿಂದ ಜಾರಿಯಲ್ಲಿದೆ ಎಂಬುದನ್ನೂ ನೆನಪಿಡಿ.

ಫಾರ್ವರ್ಡ್ ಮಾಡುವ ಮುನ್ನ ನೆನಪಿಡಿ

• ಫೋಟೊ ಸ್ಪಷ್ಟವಾಗಿದೆ ಎಂದರೆ ನಿಜವಾಗಿದೆ ಎಂದಲ್ಲ.
• ಘಟನೆ ನಡೆದಾಗ ಕ್ಯಾಮೆರಾ ಇತ್ತೇ ಎಂದು ಕೇಳಿ.
• ಊರಿನ ಜಾಗವಾದರೆ ಆ ಊರಿನವರನ್ನು ಕೇಳಿ.
• ‘ಎಐನಿಂದ ಕ್ಲಿಯರ್ ಮಾಡಿದ’ ಅಪರಾಧಿಯ ಮುಖವನ್ನು ಯಾರಿಗೂ ಕಳಿಸಬೇಡಿ.
• ಮನೆಯ ಹಳೆಯ ಫೋಟೊ ಹೊಸದು ಮಾಡಿಸಿದ ಮೇಲೂ ಹಳೆಯದನ್ನು ಎಸೆಯಬೇಡಿ. ನಾಳೆ ಇನ್ನೂ ಒಳ್ಳೆಯ ಸಾಧನ ಬಂದರೂ ಅದಕ್ಕೆ ಕೊಡಲು ಬೇಕಾಗುವುದು ಆ ಮಸುಕು ಫೋಟೊವೇ.